ನಿಸರ್ಗ ಚಿತ್ರಗಳಿಗೆ ಆಸ್ಪೆಕ್ಟ್ ರೇಷಿಯೋವನ್ನು ಕ್ಯಾಮೆರಾದಲ್ಲೇ ಬದಲಿಸಬೇಕೇ, ಆಮೇಲೆ ಕ್ರಾಪ್ ಮಾಡಿದರೆ ಸಾಲದೇ?

ಮುಂಜಾವಿನಬೆಳಕು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ನಿಸರ್ಗದೃಶ್ಯಗಳ ಛಾಯಾಗ್ರಹಣದಲ್ಲಿ ತೊಡಗಿರುವ ನನ್ನನ್ನು ಇತ್ತೀಚೆಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ನನ್ನದು 24 ಮೆಗಾಪಿಕ್ಸೆಲ್‌ಗಳ ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ. ಕೊಂಡ ದಿನದಿಂದ ಇಂದಿನವರೆಗೂ 3:2 ಅನುಪಾತದಲ್ಲೇ (ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ, ಅಂದರೆ ಆಸ್ಪೆಕ್ಟ್ ರೇಷಿಯೋ) ಚಿತ್ರ ತೆಗೆದಿದ್ದೇನೆ. ಕಳೆದ ವಾರ ಒಂದು ವರ್ಷದ ಚಿತ್ರಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿದಾಗ, ಬೆಳಕೂ ಫೋಕಸ್ಸೂ ಸರಿಯಿದ್ದ ಅನೇಕ ಚಿತ್ರಗಳಲ್ಲಿ ಒಂದೇ ದೋಷ ಮತ್ತೆ ಮತ್ತೆ ಕಂಡಿತು. ಕೆರೆಯ ಚಿತ್ರಗಳಲ್ಲಿ ಮೇಲೆ ಏನೂ ಇಲ್ಲದ ಆಕಾಶ, ಕೆಳಗೆ ಆಕಾರವಿಲ್ಲದ ನೀರು, ಹೇಳಬೇಕಾದ ಮಾತೆಲ್ಲ ನಡುವಿನ ಒಂದು ಪಟ್ಟಿಯಲ್ಲಿ. ಜಲಪಾತವನ್ನು ಕ್ಯಾಮೆರಾ ಲಂಬವಾಗಿ ನಿಲ್ಲಿಸಿ ತೆಗೆದ ಚಿತ್ರಗಳಲ್ಲಿ ಇದರ ತದ್ವಿರುದ್ಧ: ಚೌಕಟ್ಟು ಕಂಬದಂತೆ ಉದ್ದವಾಗಿ, ಎರಡೂ ಬದಿಯ ಬಂಡೆಗಳು ಉಸಿರುಗಟ್ಟಿದಂತೆ ಕಾಣುತ್ತವೆ.

ಇಂಥವನ್ನು ಕಂಪ್ಯೂಟರಿನಲ್ಲಿ ಕ್ರಾಪ್ ಮಾಡಿ ಸರಿಪಡಿಸುತ್ತ ಬಂದಿದ್ದೇನೆ. ಆದರೆ ಹಾಗೆ ಮಾಡುವಾಗಲೆಲ್ಲ ನಾನು ಚಿತ್ರವನ್ನು ಕಟ್ಟುತ್ತಿಲ್ಲ, ಒಡೆದದ್ದಕ್ಕೆ ತೇಪೆ ಹಾಕುತ್ತಿದ್ದೇನೆ ಅನಿಸುತ್ತದೆ. ಉದಾಹರಣೆಗೆ, ಇಳಿಜಾರಿನಲ್ಲಿ ನಿಂತ ಒಂಟಿ ಮರದ ಒಂದು ಚಿತ್ರವನ್ನು ಚೌಕಾಕಾರಕ್ಕೆ ತಂದಾಗ ಮರವೇನೋ ಚೆನ್ನಾಗಿ ಕೂತಿತು, ಆದರೆ ಬಲಕ್ಕೆ ಚಾಚಿದ್ದ ಅದರ ನೆರಳಿನ ತುದಿ ತುಂಡಾಯಿತು. ಚೌಕವೇ ಬೇಕೆಂದು ಅಲ್ಲೇ ಹೊಳೆದಿದ್ದರೆ ನಾಲ್ಕು ಹೆಜ್ಜೆ ಸರಿದು ನಿಲ್ಲುತ್ತಿದ್ದೆ.

ಕ್ಯಾಮೆರಾದ ಮೆನುವಿನಲ್ಲಿ 1:1, 4:3, 16:9 ಎಂಬ ಆಯ್ಕೆಗಳಿವೆ. ಅವನ್ನು ಬಳಸಿದರೆ ಗುಣಮಟ್ಟ ಕುಗ್ಗುತ್ತದೆಯೇ, ರಾ ಕಡತವೂ (ಸೆನ್ಸರ್ ದಾಖಲಿಸಿದ್ದನ್ನು ಸಂಸ್ಕರಿಸದೆ ಉಳಿಸುವ ಕಡತ) ಕತ್ತರಿಸಿಹೋಗುತ್ತದೆಯೇ, ಯಾವ ದೃಶ್ಯಕ್ಕೆ ಯಾವ ಆಕಾರ ಎಂಬುದನ್ನು ಅನುಭವಿಗಳು ಸ್ಥಳದಲ್ಲೇ ನಿರ್ಧರಿಸುತ್ತಾರೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಮಸೂರಪ್ರಿಯ:

ನಿಮ್ಮ ಪ್ರಶ್ನೆಗೆ ಉತ್ತರ ಆ ಒಂಟಿ ಮರದ ಚಿತ್ರದಲ್ಲೇ ಇದೆ. ಬೇಡವಾದದ್ದನ್ನು ತೆಗೆಯಲು ಕ್ರಾಪ್‌ಗೆ ಸಾಧ್ಯ, ಆದರೆ ನೀವು ನಿಂತ ಜಾಗವನ್ನು ಬದಲಿಸಲು ಅದಕ್ಕೆ ಸಾಧ್ಯವಿಲ್ಲ. ಮುಂದಿನ ಬಂಡೆಗೂ ಹಿಂದಿನ ಬೆಟ್ಟಕ್ಕೂ ನಡುವೆ ಎಷ್ಟು ಅಂತರ ಕಾಣಬೇಕು, ಮರದ ತಲೆ ಬೆಟ್ಟದ ಅಂಚನ್ನು ದಾಟಬೇಕೇ ಅಥವಾ ಅದರೊಳಗೇ ಉಳಿಯಬೇಕೇ ಎಂಬುದೆಲ್ಲ ತೀರ್ಮಾನವಾಗುವುದು ಕಾಲಿಟ್ಟ ಜಾಗದಿಂದ. ಚೌಕಟ್ಟಿನ ಆಕಾರ ಬದಲಾದೊಡನೆ ನಿಲ್ಲಬೇಕಾದ ಜಾಗವೂ ಬದಲಾಗುತ್ತದೆ. ಈ ಒಂದು ಕಾರಣಕ್ಕಾಗಿಯೇ ನಾನು ಹಲವು ವರ್ಷಗಳಿಂದ ಅನುಪಾತವನ್ನು ಕ್ಯಾಮೆರಾದಲ್ಲೇ ಬದಲಿಸಿಕೊಂಡು ಚಿತ್ರ ತೆಗೆಯುತ್ತಿದ್ದೇನೆ.

ಮೊದಲು ಕಡತದ ವಿಷಯ. ಜೆಪೆಗ್‌ನಲ್ಲಿ ಮಾತ್ರ ಚಿತ್ರ ತೆಗೆದರೆ, ಆರಿಸಿದ ಅನುಪಾತದ ಹೊರಗಿನ ಭಾಗ ಶಾಶ್ವತವಾಗಿ ಹೋಗುತ್ತದೆ. ರಾ ಕಡತದಲ್ಲಾದರೆ ಅನೇಕ ಕ್ಯಾಮೆರಾಗಳು ಸೆನ್ಸರ್ ಕಂಡದ್ದನ್ನೆಲ್ಲ ಹಾಗೆಯೇ ಉಳಿಸಿ, ನೀವು ಆರಿಸಿದ ಅನುಪಾತವನ್ನು ಒಂದು ಟಿಪ್ಪಣಿಯಂತೆ ಜೊತೆಗೆ ಬರೆದಿಡುತ್ತವೆ. ಆದರೆ ಎಲ್ಲ ಕ್ಯಾಮೆರಾಗಳೂ ಎಲ್ಲ ಆಯ್ಕೆಗಳಲ್ಲೂ ಹೀಗೆಯೇ ನಡೆದುಕೊಳ್ಳುವುದಿಲ್ಲ, ಕೆಲವು ರಾ ಕಡತವನ್ನೂ ಕತ್ತರಿಸುತ್ತವೆ. ಆದ್ದರಿಂದ ಹೊರಡುವ ಮೊದಲು ಮನೆಯಲ್ಲೇ ಪರೀಕ್ಷಿಸಿ: 1:1 ಆರಿಸಿ ಒಂದು ರಾ ಚಿತ್ರ ತೆಗೆಯಿರಿ, ಕಂಪ್ಯೂಟರಿನಲ್ಲಿ ತೆರೆದು ಕ್ರಾಪ್ ಸಾಧನವನ್ನು ಹಿಡಿಯಿರಿ. ಚೌಕದ ಅಂಚನ್ನು ಹೊರಕ್ಕೆ ಎಳೆಯಲು ಬಂದು ನಿಮ್ಮ 24 ಮೆಗಾಪಿಕ್ಸೆಲ್ ಸೆನ್ಸರ್‌ನ 6000×4000 ಪಿಕ್ಸೆಲ್‌ಗಳೂ ಕಂಡರೆ ನಿಶ್ಚಿಂತೆ. ಎಳೆಯಲು ಬಾರದಿದ್ದರೆ ಒಮ್ಮೆ ಬೇರೊಂದು ತಂತ್ರಾಂಶದಲ್ಲಿಯೂ ತೆರೆದು ನೋಡಿ, ನಂತರವೇ ತೀರ್ಮಾನಕ್ಕೆ ಬನ್ನಿ. ಕ್ಯಾಮೆರಾದ ಪರದೆಯನ್ನು ಮಾತ್ರ ಈ ವಿಷಯದಲ್ಲಿ ನಂಬಬೇಡಿ. ಅಲ್ಲಿ ನೀವು ನೋಡುವುದು ಕತ್ತರಿಸಿದ ಜೆಪೆಗ್ ಮುನ್ನೋಟವನ್ನು.

ಗುಣಮಟ್ಟ ಕುಗ್ಗುವುದಿಲ್ಲ, ಪಿಕ್ಸೆಲ್‌ಗಳ ಸಂಖ್ಯೆ ಕುಗ್ಗುತ್ತದೆ. ನಿಮ್ಮ 6000×4000 ಸೆನ್ಸರ್‌ನಲ್ಲಿ 4:3ಕ್ಕೆ ಸುಮಾರು 21 ಮೆಗಾಪಿಕ್ಸೆಲ್, 16:9ಕ್ಕೆ ಸುಮಾರು 20, ಚೌಕಕ್ಕೆ 16 ಉಳಿಯುತ್ತವೆ. ಕಂಪ್ಯೂಟರಿನಲ್ಲಿ ಕ್ರಾಪ್ ಮಾಡಿದರೂ ಇಷ್ಟೇ ಉಳಿಯುವುದರಿಂದ ಕ್ಯಾಮೆರಾದಲ್ಲಿ ಮಾಡಿದ್ದಕ್ಕೆ ಹೆಚ್ಚಿನ ನಷ್ಟವೇನೂ ಇಲ್ಲ.

ಹೆಚ್ಚು ಗಮನಿಸಬೇಕಾದದ್ದು ನೋಟದ ಕೋನ. 24 ಮಿ.ಮೀ. ಲೆನ್ಸ್ ನಿಮ್ಮ ಪೂರ್ಣ ಚೌಕಟ್ಟಿನಲ್ಲಿ ಅಡ್ಡಡ್ಡಲಾಗಿ ಸುಮಾರು 74 ಡಿಗ್ರಿ ನೋಡುತ್ತದೆ. ಅದನ್ನೇ ಚೌಕಕ್ಕೆ ಇಳಿಸಿದರೆ ಅದು ಸುಮಾರು 53 ಡಿಗ್ರಿಗೆ ಕುಗ್ಗುತ್ತದೆ. ಚೌಕದಲ್ಲಿ ಅದೇ ಅಗಲ ಬೇಕಿದ್ದರೆ 16 ಮಿ.ಮೀ. ಲೆನ್ಸ್ ಹಾಕಬೇಕಾಗುತ್ತದೆ, ಆಗ ಮೇಲೆ ಕೆಳಗೆ ಹೊಸದಾಗಿ ಬಹಳಷ್ಟು ಆಕಾಶವೂ ನೆಲವೂ ಒಳಗೆ ಬರುತ್ತವೆ. ಮೊದಲ ಬಾರಿ ಚೌಕವನ್ನು ಹಿಡಿದವರು ಇಕ್ಕಟ್ಟೆನಿಸಿ ಬಿಟ್ಟುಬಿಡುವುದು ಇದೇ ಕಾರಣಕ್ಕೆ. ಸ್ವಲ್ಪ ಹಿಂದೆ ಸರಿಯಿರಿ ಅಥವಾ ಅಗಲದ ಲೆನ್ಸ್ ಹಾಕಿ, ಆಮೇಲೆ ನೋಡಿ.

ಯಾವ ದೃಶ್ಯಕ್ಕೆ ಯಾವ ಆಕಾರ ಎಂಬುದಕ್ಕೆ ಕೋಷ್ಟಕ ಬರೆದುಕೊಡಲು ನನಗೆ ಮನಸ್ಸಿಲ್ಲ, ಆದರೆ ಚೌಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ 3:2ಕ್ಕೆ ಪಳಗಿದ ಕಣ್ಣಿಗೆ ಅದು ಕಲಿಸುವಷ್ಟನ್ನು ಬೇರೆ ಯಾವುದೂ ಕಲಿಸುವುದಿಲ್ಲ. ಚೌಕದಲ್ಲಿ ಉದ್ದನೆಯ ಬದಿ ಎಂಬುದಿಲ್ಲವಾದ್ದರಿಂದ ಕಣ್ಣು ಅಡ್ಡಕ್ಕಾಗಲಿ ಮೇಲಕ್ಕಾಗಲಿ ಓಡುವುದಿಲ್ಲ, ವಸ್ತುವಿನ ಸುತ್ತಲೇ ಸುಳಿದಾಡುತ್ತದೆ. ಅಗಲದ ಚೌಕಟ್ಟಿನಲ್ಲಿ ವಸ್ತುವನ್ನು ನಟ್ಟನಡುವೆ ಇಟ್ಟರೆ ಎರಡೂ ಬದಿ ಖಾಲಿ ಹೊಡೆಯುವುದುಂಟು. ಚೌಕದಲ್ಲಿ ಅದೇ ನಡುವಿನ ಸ್ಥಾನಕ್ಕೆ ಸ್ಥಿರತೆ ಬರುತ್ತದೆ. ಅಲುಗದ ನೀರಿನಲ್ಲಿ ಬೆಟ್ಟದ ಪ್ರತಿಬಿಂಬವಿದ್ದಾಗ ಕ್ಷಿತಿಜವನ್ನು ಸರಿಯಾಗಿ ಮಧ್ಯದಲ್ಲಿ ಹಾಯಿಸಿದರೂ ಚೌಕ ಅದನ್ನು ಒಪ್ಪಿಕೊಳ್ಳುತ್ತದೆ. ಮಂಜಿನಲ್ಲಿ ನಿಂತ ಮರ, ನೀರಿನಿಂದ ಎದ್ದ ಒಂದೇ ಬಂಡೆ, ಹೀಗೆ ವಸ್ತು ಒಂದೇ ಇದ್ದು ಸುತ್ತ ಮೌನವಿರುವ ದೃಶ್ಯಗಳಲ್ಲಿ ನಾನು ಮೊದಲು ಚೌಕವನ್ನೇ ಹಾಕಿ ನೋಡುತ್ತೇನೆ.

ನಿಮ್ಮ ಜಲಪಾತಕ್ಕೆ 4:3 ಅಥವಾ, ನಿಮ್ಮ ಕ್ಯಾಮೆರಾದಲ್ಲಿದ್ದರೆ, 5:4 ಸೂಕ್ತ. ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದಾಗ 3:2 ಎತ್ತರ ಹೆಚ್ಚಾಗಿ ಕಾಣುತ್ತದೆಂದು ದೂರುವವರು ನೀವೊಬ್ಬರೇ ಅಲ್ಲ.

ಅಗಲದ ಪಟ್ಟಿಯ ಬಗ್ಗೆ ಒಂದೇ ಎಚ್ಚರಿಕೆ. ಆಕಾಶ ಖಾಲಿಯಿದೆ ಎಂಬುದು 16:9 ಆರಿಸಲು ಸಾಕಾಗುವ ಕಾರಣವಲ್ಲ. ಪಟ್ಟಿಯಂಥ ಚೌಕಟ್ಟಿನಲ್ಲಿ ಕಣ್ಣು ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರಯಾಣ ಮಾಡುತ್ತದೆ, ದಾರಿಯಲ್ಲಿ ಅದಕ್ಕೆ ತಂಗಲು ಜಾಗ ಬೇಕು. ಎಡತುದಿಯಲ್ಲೊಂದು ಕತ್ತಲ ಗುಡ್ಡ, ನಡುವೆ ಬೆಳಕು ಬಿದ್ದ ಇಳಿಜಾರು, ಬಲಕ್ಕೆ ತೆಳುವಾಗುತ್ತ ಹೋಗುವ ಬೆಟ್ಟಸಾಲು, ಹೀಗೆ ಏನಾದರೂ ಇರದಿದ್ದರೆ ಅದು ಅಗಲವಾದ ಚಿತ್ರವಲ್ಲ, ಬರಿದೇ ಕುಳ್ಳಗಿನ ಚಿತ್ರ.

ಮೂರುಕಾಲು:

ಮಸೂರಪ್ರಿಯ ಅವರ ಮಾತುಗಳಲ್ಲಿ ಹೆಚ್ಚಿನವನ್ನು ಒಪ್ಪುತ್ತೇನೆ, ಆದರೆ ಒಂದು ವಿಷಯದಲ್ಲಿ ಸ್ಪಷ್ಟವಾಗಿ ಭಿನ್ನಾಭಿಪ್ರಾಯವಿದೆ. ನಾನು ಬಳಸಿದ ಕ್ಯಾಮೆರಾಗಳೆಲ್ಲ 16:9 ಆಗಲಿ ಅದಕ್ಕಿಂತ ಅಗಲದ ಪಟ್ಟಿಯಾಗಲಿ ಆರಿಸಿದಾಗ ಸೆನ್ಸರ್‌ನ ಮಧ್ಯಭಾಗವನ್ನೇ ತೋರಿಸಿವೆ. ಕ್ಯಾಮೆರಾವನ್ನು ಸಮಮಟ್ಟದಲ್ಲಿ ಇಟ್ಟರೆ ಕ್ಷಿತಿಜ ಪಟ್ಟಿಯ ನಟ್ಟನಡುವೆ ಬರುತ್ತದೆ. ಅದನ್ನು ಕೆಳಗೆ ತರಬೇಕೆಂದು ಕ್ಯಾಮೆರಾದ ಮೂತಿಯನ್ನು ಮೇಲೆತ್ತಿದರೆ, ನೆಟ್ಟಗೆ ನಿಂತ ಮರಗಳೆಲ್ಲ ಒಳಕ್ಕೆ ಬಾಗಿ ಒಂದರತ್ತ ಒಂದು ಒರಗತೊಡಗುತ್ತವೆ. ಅಗಲದ ಲೆನ್ಸ್‌ನಲ್ಲಿ ಕಾಡಿನ ಅಂಚನ್ನು ತೆಗೆದವರಿಗೆ ಈ ದೋಷ ಚೆನ್ನಾಗಿ ಗೊತ್ತು.

ನಾನು ಮಾಡುವುದು ಹೀಗೆ. ಟ್ರೈಪಾಡ್ ಮೇಲೆ ಕ್ಯಾಮೆರಾವನ್ನು ಸಮಮಟ್ಟಕ್ಕೆ ತಂದು, 3:2 ಪೂರ್ಣ ಚೌಕಟ್ಟನ್ನೇ ಉಳಿಸಿಕೊಂಡು, ಪಟ್ಟಿ ಎಲ್ಲಿ ಬರಬೇಕೆಂಬುದನ್ನು ಗ್ರಿಡ್ ಗೆರೆಗಳ ನೆರವಿನಿಂದ ಮನಸ್ಸಿನಲ್ಲೇ ಗುರುತಿಸಿಕೊಳ್ಳುತ್ತೇನೆ. ಮನೆಗೆ ಬಂದ ಮೇಲೆ ಆ ಪಟ್ಟಿಯನ್ನು ಬೇಕಾದಷ್ಟು ಮೇಲಕ್ಕೋ ಕೆಳಕ್ಕೋ ಸರಿಸಿ ಕ್ರಾಪ್ ಮಾಡುತ್ತೇನೆ, ಮರಗಳು ನೆಟ್ಟಗೇ ಉಳಿಯುತ್ತವೆ. ಇದು ಎಷ್ಟರ ಮಟ್ಟಿಗೆ ಉಪಯುಕ್ತ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬಹುದು. 6000×4000 ಚಿತ್ರದಿಂದ 65:24 ಪಟ್ಟಿಯನ್ನು ತೆಗೆದರೆ ಅದರ ಎತ್ತರ ಸುಮಾರು 2215 ಪಿಕ್ಸೆಲ್. ಉಳಿದ 1785 ಪಿಕ್ಸೆಲ್‌ಗಳಲ್ಲಿ ಪಟ್ಟಿಯನ್ನು ಮಧ್ಯದಿಂದ ಎರಡೂ ಕಡೆಗೆ ಸುಮಾರು 890ರಷ್ಟು ಸರಿಸಬಹುದು. ಫುಲ್‌ಫ್ರೇಮ್ ಸೆನ್ಸರ್ ಮೇಲೆ ಇದು 5 ಮಿ.ಮೀ.ಗೂ ಸ್ವಲ್ಪ ಹೆಚ್ಚು, ಅಂದರೆ ಶಿಫ್ಟ್ ಲೆನ್ಸನ್ನು (ಕ್ಯಾಮೆರಾವನ್ನು ವಾಲಿಸದೆ ಮೇಲೆ ಕೆಳಗೆ ಸರಿಸಬಹುದಾದ ಲೆನ್ಸ್) ಅಷ್ಟೇ ಸರಿಸಿದಾಗ ಸಿಗುವ ಫಲಕ್ಕೆ ಸಮ. 16:9ರಲ್ಲಿ ಸರಿಸಲು ಸಿಗುವುದು ಎರಡೂ ಕಡೆಗೆ ಸುಮಾರು 310 ಪಿಕ್ಸೆಲ್ ಮಾತ್ರ, ಅದು ಅಷ್ಟಕ್ಕಷ್ಟೆ.

ಹಾಗಾಗಿ ಚೌಕ ಮತ್ತು 4:3ಕ್ಕೆ ಕ್ಯಾಮೆರಾದ ಸೆಟ್ಟಿಂಗ್ ಬಳಸಿ, ನನ್ನ ಆಕ್ಷೇಪವಿಲ್ಲ. ಎತ್ತರದ ಮರಗಳೋ ಕಟ್ಟಡಗಳೋ ಇರುವ ಅಗಲದ ಪಟ್ಟಿಗೆ ಮಾತ್ರ ಪೂರ್ಣ ಚೌಕಟ್ಟಿನಲ್ಲೇ ತೆಗೆಯುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಮಸೂರಪ್ರಿಯ:

ಮೂರುಕಾಲು ಅವರು ಹೇಳಿದ್ದು ಸರಿ, ನಾನು ಆ ಅಂಶವನ್ನು ಬಿಟ್ಟಿದ್ದೆ. ಆದರೆ ರಾ ಕಡತ ಪೂರ್ತಿ ಉಳಿಯುವ ಕ್ಯಾಮೆರಾದಲ್ಲಿ ಎರಡನ್ನೂ ಕೂಡಿಸಬಹುದು. ಮೊದಲು ಪಟ್ಟಿಯ ಸೆಟ್ಟಿಂಗ್ ಇಟ್ಟು, ಮೂತಿಯನ್ನು ಮೇಲೆತ್ತಿಯೇ ಸಂಯೋಜನೆಯನ್ನು ನಿರ್ಧರಿಸಿ, ಆಮೇಲೆ ಕ್ಯಾಮೆರಾವನ್ನು ಸಮಮಟ್ಟಕ್ಕೆ ಇಳಿಸಿ ಚಿತ್ರ ತೆಗೆಯುವುದು. ಮೂತಿಯನ್ನು ತೀರಾ ಹೆಚ್ಚು ಎತ್ತಿರದಿದ್ದರೆ ಬೇಕಾದ ಮೇಲ್ಭಾಗ ರಾ ಕಡತದಲ್ಲಿ ಇರುತ್ತದೆ. ಮನಸ್ಸಿನಲ್ಲೇ ಪಟ್ಟಿಯನ್ನು ಕಾಣುವ ಕಣ್ಣಳತೆ ನಿಮಗೆ ಅಭ್ಯಾಸದಿಂದ ಬಂದಿದೆ, ಪ್ರಶ್ನೆ ಕೇಳಿದವರಿಗೆ ಅದು ಬರುವವರೆಗಾದರೂ ವ್ಯೂಫೈಂಡರ್ ತೋರಿಸಿಕೊಡಲಿ.

ಕತ್ತಲಕೋಣೆ:

ಫಿಲ್ಮ್ ಕಾಲದಿಂದ ಈ ಹವ್ಯಾಸದಲ್ಲಿರುವ ನನಗೆ ಈ ಚರ್ಚೆ ಬಹಳ ಇಷ್ಟವಾಯಿತು. 3:2 ಎಂಬುದು ನಿಸರ್ಗದೃಶ್ಯಕ್ಕಾಗಿ ಅಳೆದು ಸುರಿದು ರೂಪಿಸಿದ ಆಕಾರವಲ್ಲ ಎಂಬುದನ್ನು ಹೊಸಬರು ತಿಳಿದಿರಬೇಕು. ಲೈಕಾ ಕ್ಯಾಮೆರಾವನ್ನು ರೂಪಿಸಿದ ಓಸ್ಕರ್ ಬರ್ನಾಕ್ ಅವರು ಸಿನಿಮಾದ 35 ಮಿ.ಮೀ. ಫಿಲ್ಮನ್ನು ಸ್ಥಿರಚಿತ್ರಕ್ಕೆ ಬಳಸಲು ಹೊರಟಾಗ, 18×24 ಮಿ.ಮೀ.ನ ಸಿನಿಮಾ ಚೌಕಟ್ಟನ್ನು ಎರಡರಷ್ಟು ಮಾಡಿ 24×36 ಮಿ.ಮೀ. ಇಟ್ಟುಕೊಂಡರು. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂದ ಮೇಲೆ ಆ ಅಳತೆ ಬೇರೂರಿತು, ಇಂದಿನ ಫುಲ್‌ಫ್ರೇಮ್ ಸೆನ್ಸರ್‌ಗೂ ಅದೇ ಅಳತೆ ಬಂದಿದೆ. ಅದೇ ಕಾಲದಲ್ಲಿ ಬೇರೆಯವರು ಬೇರೆ ಆಕಾರಗಳಲ್ಲಿ ನೋಡುತ್ತಿದ್ದರು. 1929ರಲ್ಲಿ ಬಂದ ರೋಲೈಫ್ಲೆಕ್ಸ್‌ನದು 6×6 ಸೆಂ.ಮೀ. ಚೌಕ. ನಿಸರ್ಗ ಛಾಯಾಗ್ರಾಹಕರು ಹೊತ್ತೊಯ್ಯುತ್ತಿದ್ದ ದೊಡ್ಡ ಕ್ಯಾಮೆರಾಗಳಲ್ಲಿ 4×5 ಮತ್ತು 8×10 ಅಂಗುಲದ ಹಾಳೆಗಳು. ಮೂರುಕಾಲು ಅವರು ಹೇಳಿದ 65:24 ಕೂಡ ಎಲ್ಲಿಂದಲೋ ಉದುರಿದ ಸಂಖ್ಯೆಯಲ್ಲ. 1998ರಲ್ಲಿ ಬಂದ ಹ್ಯಾಸಲ್‌ಬ್ಲಾಡ್ ಎಕ್ಸ್‌ಪ್ಯಾನ್ ಎಂಬ ಫಿಲ್ಮ್ ಕ್ಯಾಮೆರಾ 35 ಮಿ.ಮೀ. ಫಿಲ್ಮ್ ಮೇಲೆ 24×65 ಮಿ.ಮೀ. ಅಳತೆಯ ಚಿತ್ರ ಮೂಡಿಸುತ್ತಿತ್ತು, ಇಂದಿನ ಕೆಲವು ಡಿಜಿಟಲ್ ಕ್ಯಾಮೆರಾಗಳ ಮೆನುವಿನಲ್ಲಿರುವುದು ಅದರ ನೆನಪೇ.

ಆಗ ಚೌಕಟ್ಟಿನ ಆಕಾರ ಹೆಚ್ಚಾಗಿ ಕ್ಯಾಮೆರಾದ ಜೊತೆಗೇ ಬರುತ್ತಿತ್ತು, ಆರಿಸುವ ಅವಕಾಶ ವಿರಳವಾಗಿತ್ತು. ಆ ನಿರ್ಬಂಧದಿಂದ ಒಂದು ಲಾಭವಿತ್ತು: ತಿಂಗಳುಗಟ್ಟಲೆ ಚೌಕದಲ್ಲೇ ನೋಡಿದವರ ಕಣ್ಣಿಗೆ ಲೋಕದಲ್ಲಿ ಚೌಕಗಳೇ ಕಾಣತೊಡಗುತ್ತಿದ್ದವು. ನಿಮಗೂ ನನ್ನ ಸಲಹೆ ಅದೇ. ಒಂದೇ ಬೆಳಗಿನಲ್ಲಿ ನಾಲ್ಕು ಅನುಪಾತಗಳನ್ನು ತಿರುಗಿಸುತ್ತ ಕೂರಬೇಡಿ. ಒಂದು ಇಡೀ ತಿಂಗಳು ಒಂದರಲ್ಲೇ ಇರಿ.

ಕ್ಯಾಮೆರಾವನ್ನು ಹೊರತೆಗೆಯುವ ಮೊದಲೇ ನೋಡಲು ಒಂದು ಹಳೆಯ ಉಪಾಯವೂ ಇದೆ. ಗಟ್ಟಿ ರಟ್ಟಿನಲ್ಲಿ 108×72 ಮಿ.ಮೀ. ಕಿಂಡಿ ಕತ್ತರಿಸಿ, ಅದನ್ನು ಒಂದು ಕಣ್ಣಿನಿಂದ 150 ಮಿ.ಮೀ. ದೂರದಲ್ಲಿ ಹಿಡಿದರೆ, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಎಷ್ಟು ನೋಡುತ್ತದೋ ಅಷ್ಟೇ ಕಾಣುತ್ತದೆ, ಏಕೆಂದರೆ ಎಲ್ಲ ಅಳತೆಗಳೂ ಮೂರು ಪಟ್ಟು. 72×72 ಕಿಂಡಿ ಕತ್ತರಿಸಿದರೆ ಅದೇ ದೂರದಲ್ಲಿ ಚೌಕ. ನನ್ನ ಚೀಲದಲ್ಲಿ ಇಂಥ ಎರಡು ರಟ್ಟುಗಳು ಇಂದಿಗೂ ಇವೆ.

ಮುದ್ರಿಸುವವರಾದರೆ ಕಾಗದವನ್ನೂ ಯೋಚಿಸಿ. 297×210 ಮಿ.ಮೀ.ನ ಎ4 ಹಾಳೆ 3:2ಕ್ಕೂ ಹೊಂದುವುದಿಲ್ಲ, 4:3ಕ್ಕೂ ಹೊಂದುವುದಿಲ್ಲ. ಮೊದಲನೆಯದರಲ್ಲಿ ಎತ್ತರದಲ್ಲಿ 12 ಮಿ.ಮೀ., ಎರಡನೆಯದರಲ್ಲಿ ಅಗಲದಲ್ಲಿ 17 ಮಿ.ಮೀ. ಉಳಿಯುತ್ತದೆ. ಹಾಳೆ ತುಂಬಲೆಂದು ಚಿತ್ರದ ಅಂಚನ್ನು ಬಲಿ ಕೊಡಬೇಡಿ, ಬಿಳಿ ಅಂಚು ಬಿಟ್ಟು ಮುದ್ರಿಸಿ.

ಮುಂಜಾವಿನಬೆಳಕು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಳೆದ ಎರಡು ವಾರಗಳಲ್ಲಿ ಐದು ಬಾರಿ ಹೊರಗೆ ಹೋಗಿ ಬಂದೆ, ಕಂಡುಕೊಂಡದ್ದನ್ನು ಇಲ್ಲಿ ಬರೆಯುವುದು ನನ್ನ ಕರ್ತವ್ಯ.

ಮೊದಲು ಪರೀಕ್ಷೆ ಮಾಡಿದೆ. ನನ್ನ ಕ್ಯಾಮೆರಾ ರಾ ಕಡತವನ್ನು ಪೂರ್ತಿ ಉಳಿಸುತ್ತದೆ. ಒಂದು ತಂತ್ರಾಂಶ ಚೌಕವನ್ನೇ ತೋರಿಸಿತು, ಎಳೆದಾಗ ಪೂರ್ಣ ಚೌಕಟ್ಟು ತೆರೆದುಕೊಂಡಿತು. ಇನ್ನೊಂದು ತಂತ್ರಾಂಶ ಮಾತ್ರ ಆ ಟಿಪ್ಪಣಿಯನ್ನು ಲೆಕ್ಕಿಸದೆ 3:2 ಆಗಿಯೇ ತೆರೆಯಿತು. ಅಂದಿನಿಂದ ರಾ ಜೊತೆಗೆ ಒಂದು ಚಿಕ್ಕ ಜೆಪೆಗ್ ಕೂಡ ಉಳಿಸಿಕೊಳ್ಳುತ್ತಿದ್ದೇನೆ, ಸ್ಥಳದಲ್ಲಿ ನನ್ನ ಮನಸ್ಸಿನಲ್ಲಿದ್ದ ಆಕಾರ ಯಾವುದೆಂದು ಅದು ಹೇಳುತ್ತದೆ.

ಚೌಕವನ್ನೇ ಇಟ್ಟುಕೊಂಡು ಅದೇ ಒಂಟಿ ಮರದ ಬಳಿಗೆ ಮತ್ತೆ ಹೋದೆ. ಮೊದಲ ಬಾರಿ ನಿಂತಿದ್ದ ಜಾಗದಲ್ಲಿ ನಿಂತಾಗ ನೆರಳು ಈ ಬಾರಿಯೂ ತುಂಡಾಯಿತು. ಎಡಕ್ಕೆ ಸರಿದು ಇಳಿಜಾರಿನಲ್ಲಿ ಸ್ವಲ್ಪ ಕೆಳಗಿಳಿದಾಗ, ಅಡ್ಡಕ್ಕೆ ಹೋಗುತ್ತಿದ್ದ ನೆರಳು ನನ್ನತ್ತ ಓರೆಯಾಗಿ ಬರುವಂತೆ ಕಂಡು ಚೌಕದ ಕೆಳಮೂಲೆಗೆ ಸರಿಯಾಗಿ ಕೂತಿತು. ಜೊತೆಗೆ ಮರದ ಹಿಂದೆ ಅಡ್ಡಿಯಾಗಿದ್ದ ಪೊದೆ ಇಳಿಜಾರಿನ ಮರೆಗೆ ಹೋಯಿತು. 3:2ರಲ್ಲಿ ಅಗಲ ಬೇಕಾದಷ್ಟು ಇರುವುದರಿಂದ ಆ ಜಾಗಕ್ಕೆ ಹೋಗುವ ಅಗತ್ಯವೇ ನನಗೆ ಹೊಳೆದಿರಲಿಲ್ಲ.

ಕೆರೆಯಲ್ಲಿ ಮಾತ್ರ ಸೋತೆ. ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ತೆಗೆದ ಪಟ್ಟಿಯಂಥ ಚಿತ್ರಗಳಲ್ಲೆಲ್ಲ ಕ್ಷಿತಿಜ ಎರಡು ಡಿಗ್ರಿಯಷ್ಟು ವಾಲಿತ್ತು. ತಿರುಗಿಸಿ ನೇರ ಮಾಡಿದರೆ ತುದಿಗಳಲ್ಲಿ ಬೇಕಾದದ್ದು ಕಳೆದುಹೋಗುವುದಿಲ್ಲವೇ? ಮತ್ತೆ, ಪಟ್ಟಿಯನ್ನು ದೊಡ್ಡದಾಗಿ ಮುದ್ರಿಸಬೇಕಾದರೆ ಅಷ್ಟು ಕಡಿಮೆ ಪಿಕ್ಸೆಲ್‌ಗಳು ಸಾಕೇ?

ಮೂರುಕಾಲು:

ವಾಲಿದ್ದರ ಬಗ್ಗೆ ಹೆಚ್ಚು ಚಿಂತೆ ಬೇಡ, ರಾ ಕಡತ ಪೂರ್ತಿ ಇರುವುದರಿಂದ ಇಲ್ಲಿ ನಿಮಗೆ ಅನುಕೂಲವೇ ಇದೆ. 3:2 ಚಿತ್ರವನ್ನು 2 ಡಿಗ್ರಿ ತಿರುಗಿಸಿ 3:2 ಆಗಿಯೇ ಉಳಿಸಿಕೊಳ್ಳಬೇಕಾದರೆ ಅಗಲದಲ್ಲಿ ಸುಮಾರು ಶೇ. 5ರಷ್ಟು ಹೋಗುತ್ತದೆ. 65:24 ಪಟ್ಟಿಯಾದರೆ ಅದರ ಮೇಲೂ ಕೆಳಗೂ ಹೆಚ್ಚುವರಿ ಜಾಗವಿರುವುದರಿಂದ ಅಷ್ಟೇ ತಿರುಗಿಸಿದರೂ ಅಗಲದಲ್ಲಿ ಹೋಗುವುದು ಶೇ. 1ಕ್ಕಿಂತ ತುಸು ಹೆಚ್ಚು. ಆದರೂ ಸಂಯೋಜನೆ ಮಾಡುವಾಗ ಎರಡೂ ತುದಿಗಳಲ್ಲಿ ಬೆರಳಗಲ ಜಾಗ ಬಿಟ್ಟುಕೊಳ್ಳಿ. ಚೌಕಟ್ಟಿನ ಅಂಚಿಗೇ ಬಂಡೆಯನ್ನು ತಾಗಿಸಿದರೆ ಯಾವ ಅನುಪಾತವಾದರೂ ಕಷ್ಟವೇ.

ಪಿಕ್ಸೆಲ್‌ಗಳ ವಿಷಯ: 6000×2215 ಅಂದರೆ ಸುಮಾರು 13 ಮೆಗಾಪಿಕ್ಸೆಲ್. ಅಂಗುಲಕ್ಕೆ 300 ಪಿಕ್ಸೆಲ್‌ಗಳಂತೆ 20 ಅಂಗುಲ ಅಗಲದ ಮುದ್ರಣಕ್ಕೆ ಧಾರಾಳ. ಅದಕ್ಕೂ ದೊಡ್ಡದು ಬೇಕಿದ್ದರೆ ಹಲವು ಚಿತ್ರಗಳನ್ನು ಜೋಡಿಸುವುದೇ ದಾರಿ, ಅಲ್ಲಿಯೂ ಕ್ಯಾಮೆರಾದ ಅನುಪಾತ ಸೆಟ್ಟಿಂಗ್ ಸಹಾಯಕ್ಕೆ ಬರುತ್ತದೆ ಎಂಬುದನ್ನು ನಾನು ಮೊದಲೇ ಹೇಳಬೇಕಿತ್ತು. ಮೊದಲು 24 ಮಿ.ಮೀ. ಲೆನ್ಸ್ ಹಾಕಿ, ನಿಮ್ಮ ಮೆನುವಿನಲ್ಲಿರುವ ಅತ್ಯಂತ ಅಗಲದ ಅನುಪಾತದಲ್ಲಿ ದೃಶ್ಯವನ್ನು ನೋಡಿ, ಪಟ್ಟಿಯ ಎಡ ಮತ್ತು ಬಲ ತುದಿಗಳಲ್ಲಿ ಯಾವ ಮರ, ಯಾವ ಬಂಡೆ ಬರುತ್ತದೆಂದು ಗುರುತಿಟ್ಟುಕೊಳ್ಳಿ. ಆಮೇಲೆ 3:2ಕ್ಕೆ ಮರಳಿ, ಸುಮಾರು 60 ಮಿ.ಮೀ. ಲೆನ್ಸ್‌ನೊಂದಿಗೆ ಕ್ಯಾಮೆರಾವನ್ನು ನಿಲ್ಲಿಸಿ, ಪಕ್ಕಕ್ಕೆ ತಿರುಗಿಸುತ್ತ, ಪ್ರತಿ ಚಿತ್ರವೂ ಹಿಂದಿನದರ ಮೂರನೆಯ ಒಂದು ಭಾಗವನ್ನು ಮತ್ತೆ ಒಳಗೊಳ್ಳುವಂತೆ ಐದು ಚಿತ್ರಗಳನ್ನು ತೆಗೆದರೆ ಆ 74 ಡಿಗ್ರಿಗಳಷ್ಟೂ ಸಿಗುತ್ತವೆ, ಜೋಡಿಸಿದಾಗ 50 ಮೆಗಾಪಿಕ್ಸೆಲ್ ದಾಟುತ್ತದೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನುಯಲ್‌ನಲ್ಲಿ ಕಟ್ಟಿಹಾಕಿ. ಜೋಡಣೆಗೆಂದು ಮೇಲೆ ಕೆಳಗೆ ತುಸು ಹೆಚ್ಚಿಗೆ ಜಾಗ ಬಿಡಿ, ಹತ್ತಿರದ ಬಂಡೆಗಳು ಚೌಕಟ್ಟಿನಲ್ಲಿದ್ದರೆ ಲೆನ್ಸಿನಲ್ಲಿ ಬೆಳಕು ಒಳಬರುವ ಬಿಂದುವಿನ (ಎಂಟ್ರೆನ್ಸ್ ಪ್ಯುಪಿಲ್) ಸುತ್ತ ಕ್ಯಾಮೆರಾ ತಿರುಗುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಜೋಡಣೆಯಲ್ಲಿ ಅವು ಎರಡೆರಡಾಗಿ ಕಾಣುತ್ತವೆ. ಗಾಳಿಗೆ ಹುಲ್ಲು ತೊನೆಯುತ್ತಿರುವಾಗಲೂ ಅಲೆ ಏಳುತ್ತಿರುವಾಗಲೂ ಈ ವಿಧಾನ ಕೈಕೊಡುತ್ತದೆ. ಅಂಥ ದಿನ ಆ 13 ಮೆಗಾಪಿಕ್ಸೆಲ್‌ಗಳ ಒಂದೇ ಚಿತ್ರವನ್ನು ನಂಬಿ.

ಮುಂಜಾವಿನಬೆಳಕು:

ಬಹಳ ಉಪಕಾರವಾಯಿತು. ಅನುಪಾತ ಬದಲಿಸುವ ಆಯ್ಕೆ ಮೆನುವಿನಲ್ಲಿ ತೀರಾ ಒಳಗೆ ಅಡಗಿತ್ತು, ಇಂದು ಅದನ್ನು ಹಿಂಬದಿಯ ಒಂದು ಬಟನ್‌ಗೆ ತಂದುಕೊಂಡೆ. ಈ ತಿಂಗಳು ಕತ್ತಲಕೋಣೆ ಅವರು ಹೇಳಿದಂತೆ ಚೌಕದಲ್ಲೇ ಇರುತ್ತೇನೆ. ನಾಳೆ ಬೆಳಗ್ಗೆ ಜಲಪಾತಕ್ಕೆ ಹೋಗುವುದಿದೆ, ಅಲ್ಲಿಯೂ 4:3ರ ಬದಲು ಮೊದಲು ಚೌಕವನ್ನೇ ಪ್ರಯತ್ನಿಸಿ ಎರಡನ್ನೂ ಇಲ್ಲಿ ಹಾಕುತ್ತೇನೆ.